ರವಿಯೋಲಿ ಯಂತ್ರವನ್ನು ಅಟ್ಟಕ್ಕೆ ಹಾಕುವ ಮುನ್ನ

ಎರಡು ಹಿಟ್ಟಿನ ಹಾಳೆಗಳ ನಡುವೆ ಹೂರಣ ತುಂಬಿದ ಇಟಲಿಯ ಪಾಸ್ತಾವೇ ರವಿಯೋಲಿ. ಅದನ್ನು ಮಾಡುವ, ಕೈಯಲ್ಲಿ ತಿರುಗಿಸುವ ಯಂತ್ರ ದಾವಣಗೆರೆಯ ಅಡುಗೆಮನೆಗಳಿಗೂ ಬಂದಿದೆ. ಬೆಂಗಳೂರಿನ ಮಗಳು ತಂದುಕೊಟ್ಟದ್ದು, ರಿಯಾಯಿತಿ ಕಂಡು ಆನ್‌ಲೈನ್‌ನಲ್ಲಿ ತರಿಸಿದ್ದು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಸಿಕ್ಕಿದ್ದು. ಒಮ್ಮೆ ಬಳಸಿ, ಹೂರಣವೆಲ್ಲ ರೋಲರಿಗೆ ಮೆತ್ತಿಕೊಂಡು, ‘ಇದು ನಮಗಾಗುವುದಲ್ಲ’ ಎಂದು ಅಟ್ಟಕ್ಕೆ ಹಾಕಿದವರೇ ಹೆಚ್ಚು. ಬಂಧುಗಳ ಮನೆಗಳಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ. ಯಂತ್ರದ ದೋಷ ಕಡಿಮೆ. ಚಪಾತಿಗೆ ಒಗ್ಗಿದ ಕೈ ಹಿಟ್ಟನ್ನು ಮೆತ್ತಗೆ ಕಲಸುತ್ತದೆ, ಹೂರಣದಲ್ಲಿ ನೀರು ಉಳಿದಿರುತ್ತದೆ, ಹಿಡಿಯನ್ನು ಗಡಿಬಿಡಿಯಲ್ಲಿ ತಿರುಗಿಸುತ್ತಾರೆ.

ಯಂತ್ರದಲ್ಲಿ ಎರಡು ಭಾಗಗಳು: ಹಿಟ್ಟನ್ನು ಹಾಳೆಯಾಗಿಸುವ ರೋಲರ್ ಮತ್ತು ಅದಕ್ಕೆ ಸಿಕ್ಕಿಸುವ, ಮೇಲೆ ಹೂರಣದ ಡಬ್ಬಿಯಿರುವ ರವಿಯೋಲಿ ಭಾಗ. ಕೊಳ್ಳುವ ಮೊದಲು ಯಂತ್ರವನ್ನು ಮೇಜಿಗೆ ಬಿಗಿಯುವ ಕ್ಲ್ಯಾಂಪ್ ನೋಡಿ. ನಮ್ಮ ಅಡುಗೆ ಕಟ್ಟೆಯ ಗ್ರಾನೈಟ್ ಅಂಚು ದಪ್ಪವಾಗಿರುವುದರಿಂದ ಅದು ಹಲವೆಡೆ ಹಿಡಿಯುವುದೇ ಇಲ್ಲ. ಊಟದ ಮೇಜೇ ಸರಿ. ರೋಲರಿನ ಲೇಪ ಕಿತ್ತು ಹಿಟ್ಟಿಗೆ ಬೂದು ಬಣ್ಣ ಹತ್ತಿಸುವ ಅಗ್ಗದ ಯಂತ್ರವನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಇಬ್ಬರಿಗಷ್ಟೇ ಅಡುಗೆಯಾದರೆ ಯಂತ್ರವನ್ನೇ ಬಿಡಿ. ಮನೆಯಲ್ಲಿರುವ ಕರ್ಜಿಕಾಯಿ ಅಚ್ಚು ಸಾಕು. ಅರ್ಧಚಂದ್ರದ ಆಕಾರದಲ್ಲಿ ಹೂರಣ ತುಂಬಿದ ಪಾಸ್ತಾ ಇಟಲಿಯಲ್ಲೂ ಇದೆ.

ಹಿಟ್ಟಿಗೆ 200 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆ, 3 ಮೊಟ್ಟೆ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಇಟಲಿಯವರ ಲೆಕ್ಕ. ಮೊಟ್ಟೆ ಬಳಸದ ಮನೆಯಾದರೆ ಸುಮಾರು 140 ಮಿ.ಲೀ. ಬೆಚ್ಚಗಿನ ನೀರು, ಅದೂ ಸ್ವಲ್ಪ ಸ್ವಲ್ಪವಾಗಿ. ಎಣ್ಣೆ ಬೇಡ. ಕಲಸುವ ಶುರುವಿನಲ್ಲಿ ಹಿಟ್ಟು ಒಡೆದೊಡೆದು ಬರುತ್ತದೆ. ಆಗಲೇ ಎಲ್ಲರೂ ನೀರಿನ ಲೋಟಕ್ಕೆ ಕೈ ಹಾಕುವುದು, ಹಾಕಬೇಡಿ. ಹತ್ತು ನಿಮಿಷ ಅಂಗೈಯ ಬುಡದಿಂದ ಒತ್ತಿ ನಾದಿದರೆ ತಾನಾಗಿ ಒಂದಾಗುತ್ತದೆ. ಪೂರಿ ಹಿಟ್ಟಿಗಿಂತಲೂ ಗಟ್ಟಿಯಿರಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಆ ಅರ್ಧ ಗಂಟೆಯಲ್ಲಿ ಹೂರಣ ಮಾಡಿಕೊಳ್ಳಿ. ರಿಕೋಟ ಚೀಸ್ ಹುಡುಕಿಕೊಂಡು ಮಂಡಿಪೇಟೆಯೆಲ್ಲ ಅಲೆಯಬೇಕಿಲ್ಲ. 250 ಗ್ರಾಂ ತಾಜಾ ಪನೀರನ್ನು ನುಣ್ಣಗೆ ಮಸೆಯಿರಿ. ಒಂದು ಕಟ್ಟು ಪಾಲಕ್ ಬೇಯಿಸಿ, ಆರಿದ ಮೇಲೆ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿ; ಇನ್ನು ನೀರಿಲ್ಲ ಎನಿಸಿದ ಮೇಲೆ ಮತ್ತೊಮ್ಮೆ ಹಿಂಡಿ. ಅದನ್ನು ಅರೆದು ಪನೀರಿಗೆ ಸೇರಿಸಿ, ಉಪ್ಪು, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಹಾಕಿ. ಈರುಳ್ಳಿ, ಹಸಿಮೆಣಸಿನಕಾಯಿಯ ಚೂರುಗಳನ್ನು ಹಾಕಿದರೆ ಅವು ಡಬ್ಬಿಯ ಬಾಯಿಗೆ ಸಿಕ್ಕಿಕೊಳ್ಳುತ್ತವೆ, ಹಾಳೆಯನ್ನೂ ಚುಚ್ಚುತ್ತವೆ. ಹೂರಣ ಮೃದುವಾಗಿರಬೇಕು, ಆದರೆ ಉಂಡೆ ಕಟ್ಟಿ ತಟ್ಟೆಯ ಮೇಲಿಟ್ಟು ಐದು ನಿಮಿಷ ಬಿಟ್ಟರೂ ಅಡಿಯಲ್ಲಿ ನೀರಿನ ಗುರುತು ಮೂಡಬಾರದು.

ಹಾಳೆ ತೆಗೆಯುವಾಗ ಸೀಲಿಂಗ್ ಫ್ಯಾನ್ ಆರಿಸಿ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಕಷ್ಟವೇ, ಆದರೆ ಗಾಳಿಗೆ ಹಾಳೆಯ ಅಂಚು ಒಣಗಿದರೆ ಮುಂದೆ ಅಂಟುವುದಿಲ್ಲ. ಹಿಟ್ಟನ್ನು ರೋಲರುಗಳ ಅತಿ ಅಗಲದ ಅಂತರದಲ್ಲಿ ಹಾಯಿಸಿ, ಮೂರು ಮಡಿಕೆ ಮಾಡಿ ಮತ್ತೆ ಹಾಯಿಸಿ. ಮೇಲ್ಮೈ ನುಣುಪಾಗುವವರೆಗೂ ಇದೇ ಕೆಲಸ. ನಂತರ ಅಂತರವನ್ನು ಒಂದೊಂದೇ ಹಂತ ಕಿರಿದು ಮಾಡುತ್ತ ಬನ್ನಿ. ಅಂತರ ಹೊಂದಿಸುವ ಗುಂಡಿಯಲ್ಲಿ ಕಂಪನಿಗೊಂದು ಅಂಕಿ ಇರುವುದರಿಂದ ಯೂಟ್ಯೂಬಿನವರು ಹೇಳುವ ಅಂಕಿ ನಿಮ್ಮ ಯಂತ್ರಕ್ಕೆ ಹೊಂದಲಿಕ್ಕಿಲ್ಲ. ದಪ್ಪ ಸುಮಾರು ಒಂದು ಮಿಲಿಮೀಟರ್ ಇರಲಿ. ಹಾಳೆಯ ಕೆಳಗೆ ಕೈಯಿಟ್ಟರೆ ಬೆರಳ ನೆರಳು ಕಾಣಬೇಕು, ಅಂಗೈಯ ಗೆರೆ ಕಾಣಬಾರದು. ತೆಳ್ಳಗಾದಷ್ಟೂ ಚೆನ್ನ ಎಂದು ಕೊನೆಯ ಅಂಕಿಯವರೆಗೆ ಹೋದವರ ರವಿಯೋಲಿ ಯಂತ್ರದೊಳಗೇ ಹರಿಯುತ್ತದೆ.

ಹಾಳೆಯ ಅಗಲ ರೋಲರಿನಷ್ಟೇ ಇರಬೇಕು. ವಕ್ರ ಅಂಚುಗಳನ್ನು ಚಾಕುವಿನಿಂದ ನೇರ ಮಾಡಿಕೊಳ್ಳಿ. ಹೊರಮೈಗೆ, ಅಂದರೆ ರೋಲರಿಗೆ ತಾಗುವ ಕಡೆಗೆ, ಮೈದಾ ಸವರಿ. ಒಳಮೈಗೆ ಹಿಟ್ಟು ಬಿದ್ದರೆ ಎರಡು ಹಾಳೆಗಳು ಒಂದಕ್ಕೊಂದು ಹಿಡಿಯುವುದಿಲ್ಲ, ಕುದಿಯುವ ನೀರಿನಲ್ಲಿ ಬಾಯಿ ಬಿಡುತ್ತವೆ. ಉದ್ದದ ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ತುದಿಯನ್ನು ರವಿಯೋಲಿ ರೋಲರುಗಳ ನಡುವೆ ಇಟ್ಟು, ಹಿಡಿಯನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ರೋಲರ್ ಹಾಳೆಯನ್ನು ಕಚ್ಚಿಕೊಂಡಿತೇ ಎಂದು ನೋಡಿ. ಈಗ ಮೇಲಿನ ಎರಡು ಪದರಗಳನ್ನು ಬಿಡಿಸಿ ಒಂದನ್ನು ಆಚೆ, ಒಂದನ್ನು ಈಚೆ ಇಳಿಬಿಡಿ. ನಡುವೆ ಡಬ್ಬಿ ಕೂರಿಸಿ.

ಡಬ್ಬಿ ದೊಡ್ಡದಿದೆಯೆಂದು ತುಂಬಿಸಬೇಡಿ. ಎರಡು ಚಮಚ ಹೂರಣ ಹಾಕಿ, ಚಮಚದ ಹಿಂಬದಿಯಿಂದ ಮೂಲೆಗಳಿಗೂ ಸಮನಾಗಿ ಹರಡಿ. ನಡುವೆ ಮಾತ್ರ ಗುಡ್ಡೆ ಹಾಕಿದರೆ ಅಂಚಿನ ಸಾಲು ಖಾಲಿ, ನಡುವಿನ ಸಾಲು ಒಡಕು. ಒಬ್ಬರು ಹಿಡಿ ತಿರುಗಿಸಲಿ, ಇನ್ನೊಬ್ಬರು ಪದರಗಳನ್ನು ಎತ್ತಿ ಹಿಡಿದುಕೊಳ್ಳಲಿ, ಎಳೆಯಬಾರದು. ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸುತ್ತ, ಹೂರಣ ತಗ್ಗಿದಂತೆ ಚಮಚ ಚಮಚವಾಗಿ ಸೇರಿಸಿ. ಹಿಡಿ ಬಿಗಿಯಾದರೆ ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ಹೂರಣ ಮೇಲಕ್ಕೆ ನುಗ್ಗಿ ರೋಲರಿಗೆ ಬಳಿದುಕೊಳ್ಳುತ್ತದೆ. ಡಬ್ಬಿಯ ಹೂರಣ ತೆಗೆದು, ಹಾಳೆಯನ್ನು ಮುಂದಕ್ಕೇ ಓಡಿಸಿ, ಆ ತುಂಡನ್ನು ಬಿಟ್ಟುಬಿಡಿ.

ಕೆಳಗೆ ಇಳಿಯುವ ಪಟ್ಟಿಯನ್ನು ರವೆ ಉದುರಿಸಿದ ಬಟ್ಟೆಯ ಮೇಲೆ ಹಾಕಿ ಹತ್ತು ನಿಮಿಷ ಬಿಡಿ. ಹಸಿಯಿರುವಾಗಲೇ ರವಿಯೋಲಿಗಳನ್ನು ಒಂದೊಂದಾಗಿ ಬಿಡಿಸಿದರೆ ಮೂಲೆಗಳು ಹರಿಯುತ್ತವೆ.

ಉಪ್ಪು ಹಾಕಿದ, ಮೆಲ್ಲಗೆ ಕುದಿಯುವ ನೀರಿನಲ್ಲಿ ಮೂರು-ನಾಲ್ಕು ನಿಮಿಷ ಬೇಯಿಸಿ. ಮೇಲೆ ತೇಲಿದ ಮೇಲೆ ಒಂದನ್ನು ಕಚ್ಚಿ ನೋಡಿ. ಉಳಿದ ಹಸಿ ರವಿಯೋಲಿಯನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಡಬ್ಬಕ್ಕೆ ತುಂಬಿದರೆ, ಮುಂದೆ ನೇರವಾಗಿ ಕುದಿನೀರಿಗೆ ಹಾಕಬಹುದು. ಬಾಟಲಿಯ ಕೆಂಪು ಸಾಸ್ ನನಗೆ ಸಮ್ಮತವಿಲ್ಲ. ದೋಸೆಗೆ ಬೆಣ್ಣೆ ಸುರಿಯುವ ಊರಿನವರು ಇದಕ್ಕೇಕೆ ಜಿಪುಣತನ ಮಾಡಬೇಕು? ಇಟಲಿಯಲ್ಲೂ ಬೆಣ್ಣೆ ಕಾಯಿಸಿ ಅದರಲ್ಲಿ ಸೇಜ್ ಎಂಬ ಸುವಾಸನೆಯ ಎಲೆ ಬಾಡಿಸಿ ಸುರಿಯುತ್ತಾರೆ. ನಮ್ಮಲ್ಲಿ ಬೆಳ್ಳುಳ್ಳಿ ಸಾಕು.

ಯಂತ್ರಕ್ಕೆ ನೀರು ಸೋಕಿಸಬೇಡಿ, ಒಳಗೆ ತುಕ್ಕು ಹಿಡಿಯುತ್ತದೆ. ಮೆತ್ತಿದ ಹಿಟ್ಟು ರಾತ್ರಿಯೆಲ್ಲ ಒಣಗಲಿ. ಬೆಳಿಗ್ಗೆ ಒಣ ಬ್ರಷ್‌ನಿಂದ ತಟ್ಟಿದರೆ ಉದುರುತ್ತದೆ, ಉಳಿದದ್ದನ್ನು ಹಲ್ಲುಕಡ್ಡಿಯಿಂದ ಬಿಡಿಸಿ. ಹೊಲಿಗೆ ಯಂತ್ರದ ಎಣ್ಣೆಯನ್ನು ರೋಲರಿನ ಹತ್ತಿರಕ್ಕೂ ತರಬೇಡಿ.