ಬಾಡಿಗೆ ಮನೆಯ ವಾರ್ಡ್‌ರೋಬ್: ಮುರಿದ ರಾಡ್, ಜೋತುಬಿದ್ದ ಹಲಗೆ

ವಾರ್ಡ್‌ರೋಬಿನ ರಾಡ್ ಕಿತ್ತು ಬಂದರೆ ಹೆಚ್ಚಿನವರು ಹೊಸ ರಾಡ್ ತಂದು ಅದೇ ತೂತಿಗೆ ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಬೀಳುತ್ತದೆ. ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ರಾಡ್ ಬಗ್ಗಿ, ಅದರ ತುದಿ ಹಿಡಿಯುವ ಪ್ಲಾಸ್ಟಿಕ್ ಸಾಕೆಟ್ ಒಡೆದು, ಬಟ್ಟೆಯೆಲ್ಲ ರಾಶಿ ಬಿದ್ದಾಗ ನಾನು ಮೊದಲು ನೋಡಿದ್ದು ಸ್ಕ್ರೂ ಇದ್ದ ಜಾಗವನ್ನು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಅದು ಪ್ಲೈವುಡ್ ಅಲ್ಲ, ಪಾರ್ಟಿಕಲ್ ಬೋರ್ಡ್. ಮರದ ಚೂರಿಗೆ ಅಂಟು ಸೇರಿಸಿ ಒತ್ತಿ ಮಾಡಿದ್ದು. ತೇವ ತಾಗಿದರೆ ಉಬ್ಬುತ್ತದೆ. ಒಮ್ಮೆ ಸಡಿಲವಾದ ತೂತಿನಲ್ಲಿ ಸ್ಕ್ರೂ ಮತ್ತೆ ಗಟ್ಟಿಯಾಗಿ ಕೂರುವುದಿಲ್ಲ. ಮೇಲಿನ ಹಲಗೆಯೂ ಅದರದ್ದೇ. ಸೀರೆ, ರಜಾಯಿಗಳ ಭಾರಕ್ಕೆ ನಡುವೆ ಜೋತುಬಿದ್ದಿತ್ತು.

ಓನರ್ ಆಂಟಿಗೆ ಫೋನ್ ಮಾಡಿದೆ. "ಮಾಡ್ಕೊಳಮ್ಮ, ಗೋಡೆಗೆ ಮಾತ್ರ ಡ್ರಿಲ್ ಹಾಕ್ಬೇಡ" ಅಂದರು. ಅಡ್ವಾನ್ಸ್ ಪೂರ್ತಿ ವಾಪಸ್ ಬರಬೇಕಲ್ವಾ, ಕೇಳಿಯೇ ಕೈ ಹಾಕುವುದು ಒಳ್ಳೆಯದು.

ನಾನು ಮಾಡಿದ್ದು ಇಷ್ಟೇ: ಭಾರವನ್ನು ಸ್ಕ್ರೂ ಹೊರುವ ಬದಲು ವಾರ್ಡ್‌ರೋಬಿನ ತಳವೇ ಹೊರುವಂತೆ ಮಾಡಿದೆ. ಎರಡೂ ಪಕ್ಕಕ್ಕೆ 18 ಮಿ.ಮೀ. ಪ್ಲೈವುಡ್‌ನ ಮೂರಿಂಚು ಅಗಲದ ಪಟ್ಟಿ ನಿಲ್ಲಿಸಿದೆ. ಪಟ್ಟಿಯ ಬುಡ ತಳದ ಮೇಲೆ, ತಲೆ ಹಲಗೆಯ ಅಡಿಗೆ. ಹಲಗೆಯ ತುದಿ ಪಟ್ಟಿಯ ಮೇಲೆ ಕೂರುತ್ತದೆ. ರಾಡಿನ ಸಾಕೆಟ್ಟೂ ಪಟ್ಟಿಗೇ. ಪಟ್ಟಿಯನ್ನು ಪಕ್ಕದ ಬೋರ್ಡಿಗೆ ಹಿಡಿಸಿದ 30 ಮಿ.ಮೀ. ಸ್ಕ್ರೂಗಳಿಗೆ ಪಟ್ಟಿ ವಾಲದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಪಟ್ಟಿಗೆಂದು ಮರದ ಮಂಡಿಗಳಿರುವ ಟಿಂಬರ್ ಯಾರ್ಡ್ ಲೇಔಟ್ ತನಕ ಹೋಗಬೇಕಿಲ್ಲ. ಹತ್ತಿರದ ಪ್ಲೈವುಡ್ ಅಂಗಡಿಯಲ್ಲಿ ಮಿಕ್ಕ ತುಂಡು ಕೇಳಿದೆ, ಅಳತೆಗೆ ಕೊಯ್ದೇ ಕೊಟ್ಟರು.

ರಾಡಿಗೆ 25 ಮಿ.ಮೀ. ಸ್ಟೀಲ್ ಪೈಪು, ಸ್ಟೀಲ್ ಸಾಕೆಟ್. ಎರಡು ಪಟ್ಟಿ ಸೇರಿ 36 ಮಿ.ಮೀ. ಜಾಗ ತಿನ್ನುತ್ತವೆ. ಹಾಗಾಗಿ ಪಟ್ಟಿ ನಿಲ್ಲಿಸಿದ ಮೇಲೆಯೇ ಅಳತೆ ತೆಗೆದು ಪೈಪನ್ನು ಹ್ಯಾಕ್ಸಾದಲ್ಲಿ ಕೊಯ್ಯಬೇಕು. ರಾಡ್ ನಡುವೆ ಬಾಗದಂತೆ ಮೇಲಿನ ಹಲಗೆಯಿಂದ ಒಂದು ಕೊಕ್ಕೆ ಇಳಿಬಿಡಿ ಎಂದು ಹಾರ್ಡ್‌ವೇರ್ ಅಂಗಡಿಯವರು ಹೇಳಿದರು. ನಾನು ಬೇಡವೆಂದೆ. ಮೊದಲೇ ಜೋತ ಹಲಗೆಗೆ ಬಟ್ಟೆಯ ಭಾರವನ್ನೂ ನೇತುಹಾಕುವುದು ನನಗೆ ಸರಿ ಕಾಣಲಿಲ್ಲ.

ಇನ್ನು ಹಲಗೆ. ಬಿಚ್ಚಿ ಮಗುಚಿ ಹಾಕಿದೆ, ಬಾಗಿದ ಹೊಟ್ಟೆ ಮೇಲೆ ಬರುವಂತೆ. ಬರೀ ಮಗುಚಿದರೆ ಸಾಲದು, ತಿಂಗಳುಗಳಲ್ಲಿ ಮತ್ತೆ ಇಳಿಯುತ್ತದೆ. ಅದಕ್ಕೆ ಮುಂದಿನ ಅಂಚಿನ ಅಡಿಗೆ, ಬಾಗಿಲಿಗೆ ತಾಗದಷ್ಟು ಒಳಗೆ, ಎರಡಿಂಚಿನ ಇನ್ನೊಂದು ಪ್ಲೈ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿದೆ. ಅಡ್ಡ ಮಲಗಿಸಿದರೆ ಅಷ್ಟು ಉಪಯೋಗವಿಲ್ಲ. ಪಟ್ಟಿಯ ಎತ್ತರ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟಾಗುತ್ತದೆ. ಸ್ಕೇಲನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದಿಲ್ಲವಲ್ಲ, ಹಾಗೆ. ಫೆವಿಕಾಲ್ ಹಚ್ಚಿ, ಹಲಗೆಯನ್ನು ಪಟ್ಟಿಗೆ ಒತ್ತಿ ಹಿಡಿದು, ಹಿಂದಿನಿಂದ ಚಿಕ್ಕ ಎಲ್ ಆಕಾರದ ಕ್ಲಿಪ್‌ಗಳನ್ನು 12 ಮಿ.ಮೀ. ಸ್ಕ್ರೂ ಹಾಕಿ ಬಿಗಿದೆ. ಉದ್ದ ಸ್ಕ್ರೂ ಹಾಕಿದರೆ ಹಲಗೆಯ ಮೇಲೆ ಮೊನೆ ಚುಚ್ಚಿಕೊಂಡು ಬಂದು ಸೀರೆ ಹರಿಯುತ್ತದೆ, ಜೋಪಾನ.

ಅಂಟು ಒಣಗಲು ಒಂದು ಪೂರ್ತಿ ದಿನ ಬಿಡಿ, ಆಮೇಲೆ ಸಾಮಾನು ಇಡಿ. ರಜಾಯಿ, ರೇಷ್ಮೆ ಸೀರೆಯಂಥ ಭಾರದ್ದು ಎರಡು ತುದಿಗೆ, ಟವೆಲ್, ದುಪಟ್ಟಾ ನಡುವೆ.