ನೂರು ಮೈಲಿ, ತೆಳು ಗಾಳಿ: ಲೆಡ್‌ವಿಲ್ ಸೈಕಲ್ ಸ್ಪರ್ಧೆಗೆ ಬೆಂಗಳೂರಿನಿಂದ ತಯಾರಾಗುವುದು ಹೇಗೆ?

ನಂದಿ ಬೆಟ್ಟವನ್ನು ಸೈಕಲ್‌ನಲ್ಲಿ ಹತ್ತಿದವರಿಗೆ ಕೊನೆಯ ಎರಡು ಕಿಲೋಮೀಟರ್‌ನ ಕಷ್ಟ ಗೊತ್ತು. ತೊಡೆ ಉರಿಯುತ್ತದೆ, ಉಸಿರು ಸಾಲುವುದಿಲ್ಲ. ಅಂಥ ನಂದಿಯನ್ನು ಒಂದೇ ದಿನದಲ್ಲಿ ಏಳು ಸಲ ಹತ್ತಿದಷ್ಟು ಏರು, ಬಹುಪಾಲು ಕಲ್ಲುಮಣ್ಣಿನ ದಾರಿ, ನೂರು ಮೈಲಿ ದೂರ. ಅಮೆರಿಕದ ಕೊಲರಾಡೊದಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ 'ಲೆಡ್‌ವಿಲ್ ಟ್ರೈಲ್ 100' ಮೌಂಟನ್ ಬೈಕ್ ಸ್ಪರ್ಧೆ ಎಂದರೆ ಇದು. ಇಷ್ಟೂ ನಡೆಯುವುದು ಸಮುದ್ರಮಟ್ಟದಿಂದ ಸುಮಾರು 2,800ರಿಂದ 3,800 ಮೀಟರ್ ಎತ್ತರದಲ್ಲಿ.

ಲೆಡ್‌ವಿಲ್ ಗಣಿಯನ್ನು ನಂಬಿ ಬದುಕಿದ ಊರು. 1980ರ ದಶಕದ ಆರಂಭದಲ್ಲಿ ಪಕ್ಕದ ಕ್ಲೈಮ್ಯಾಕ್ಸ್ ಗಣಿ ನಿಂತಾಗ ಊರಿನ ಅನ್ನವೇ ಹೋಯಿತು. ನಾಲ್ಕು ಜನ ಬಂದು ಒಂದೆರಡು ದಿನವಾದರೂ ಉಳಿಯಲಿ ಎಂದು ಗಣಿ ಕಾರ್ಮಿಕ ಕೆನ್ ಕ್ಲೌಬರ್ ಮತ್ತು ಜೊತೆಗಾರರು 1983ರಲ್ಲಿ ನೂರು ಮೈಲಿಯ ಓಟ ಶುರುಮಾಡಿದರು. ಸೈಕಲ್ ಸ್ಪರ್ಧೆ ಬಂದದ್ದು 1994ರಲ್ಲಿ. ಹನ್ನೆರಡು ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿ ಬಣ್ಣದ ಬೆಲ್ಟ್ ಬಕಲ್. ಒಂಬತ್ತು ಗಂಟೆಯೊಳಗಾದರೆ ಇನ್ನೂ ದೊಡ್ಡದು. 2023ರಲ್ಲಿ ಕೀಗನ್ ಸ್ವೆನ್ಸನ್ ಇದನ್ನು 5 ಗಂಟೆ 43 ನಿಮಿಷಗಳಲ್ಲಿ ಮುಗಿಸಿದರು. ನಮ್ಮಂಥವರ ಗುರಿ ಹನ್ನೆರಡು ಗಂಟೆ. ಆ ಗುರಿ ತಪ್ಪುವುದು ಹೆಚ್ಚಾಗಿ ಕಾಲಿನ ಬಲ ಸಾಲದೆ ಅಲ್ಲ, ಮೊದಲ ಎರಡು ಗಂಟೆಯ ಆತುರದಿಂದ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ನಾನು ಒತ್ತಿ ಹೇಳುವುದು ತಡೆದು ತುಳಿಯುವುದನ್ನೇ.

ಹೆಜ್ಜೆ 1: ಎತ್ತರ ಏನನ್ನು ಕಸಿಯುತ್ತದೆ, ತಿಳಿದುಕೊಳ್ಳಿ

ಬೆಟ್ಟದ ಮೇಲೆ ಆಮ್ಲಜನಕದ ಪಾಲು ಕಡಿಮೆ ಎಂಬ ಮಾತು ಪೂರ್ತಿ ಸರಿಯಲ್ಲ. ಗಾಳಿಯಲ್ಲಿ ಅದರ ಪಾಲು ಎಲ್ಲೆಡೆ ಸುಮಾರು ಶೇ 21. ಕುಸಿಯುವುದು ಗಾಳಿಯ ಒತ್ತಡ. ಲೆಡ್‌ವಿಲ್ ಊರಿನಲ್ಲಿ, ಅಂದರೆ 3,100 ಮೀಟರ್ ಹತ್ತಿರ, ಒತ್ತಡ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ. ಒಂದೊಂದು ಉಸಿರಿಗೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಅಷ್ಟೇ ಕಡಿಮೆಯಾಗುತ್ತದೆ. 1,500 ಮೀಟರ್ ದಾಟಿದ ಮೇಲೆ ಪ್ರತಿ ನೂರು ಮೀಟರಿಗೆ ನಮ್ಮ ಗರಿಷ್ಠ ಸಾಮರ್ಥ್ಯ ಹೆಚ್ಚುಕಡಿಮೆ ಶೇ 1ರಷ್ಟು ಇಳಿಯುತ್ತದೆ ಎಂಬುದು ಒರಟು ಲೆಕ್ಕ. ನಂದಿಯಲ್ಲಿ 200 ವಾಟ್ ಆರಾಮವಾಗಿ ತುಳಿಯುವವರು ಅಲ್ಲಿ 165–170ಕ್ಕೆ ತೃಪ್ತರಾಗಬೇಕು. ದಾರಿಯ ಅತಿ ಎತ್ತರದ ಭಾಗವಾದ ಕೊಲಂಬೈನ್ ಏರಿನಲ್ಲಿ ಇನ್ನೂ ಕಡಿಮೆ.

ಇನ್ನೊಂದು ಮುಖ್ಯ ಸಂಗತಿ. ಸಮುದ್ರಮಟ್ಟದ ಆಸುಪಾಸಿನಲ್ಲಿ ಏದುಸಿರು ಬಂದರೆ ಎರಡು ನಿಮಿಷ ನಿಧಾನಿಸಿ ಸುಧಾರಿಸಿಕೊಳ್ಳಬಹುದು. ಅಲ್ಲಿ ಒಮ್ಮೆ ಮಿತಿ ದಾಟಿದರೆ ಸಾಲ ತೀರಿಸಲು ಬಹಳ ಹೊತ್ತು ಬೇಕು.

ಹೆಜ್ಜೆ 2: ಜನವರಿಯಿಂದಲೇ ನಿಧಾನವಾಗಿ ತುಳಿಯಿರಿ

ಮೊದಲ ಮೂರು ತಿಂಗಳು ವಾರಕ್ಕೆ ಎಂಟು ಗಂಟೆ ಸಾಕು. ಅದರಲ್ಲಿ ಬಹುಪಾಲು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ಹಗುರವಾಗಿರಲಿ. ಮಾತು ತುಂಡಾಗುತ್ತಿದೆಯೆಂದರೆ ವೇಗ ಹೆಚ್ಚಾಯಿತು. ಗುಂಪಿನಲ್ಲಿ ಹೋದಾಗ ಇದು ನಿಜಕ್ಕೂ ಕಷ್ಟ, ಯಾರೋ ಹಿಂದೆ ಹಾಕಿದರೆ ಕಾಲು ತಾನಾಗಿ ಜೋರಾಗುತ್ತದೆ. ಆಗ ಬಿಟ್ಟುಕೊಡುವುದನ್ನು ಇಲ್ಲೇ ಕಲಿಯಬೇಕು.

ಏಪ್ರಿಲ್–ಮೇನಲ್ಲಿ ವಾರಕ್ಕೆರಡು ದಿನ ಏರಿನ ಅಭ್ಯಾಸ ಸೇರಿಸಿ. ಇಪ್ಪತ್ತು ನಿಮಿಷದ ಎರಡು ಸುತ್ತಿನಿಂದ ಆರಂಭಿಸಿ, ನಲವತ್ತು ನಿಮಿಷದ ಎರಡು ಸುತ್ತಿಗೆ ಒಯ್ಯಿರಿ. ಕಷ್ಟ ಅನ್ನಿಸಬೇಕು, ಆದರೆ ಎರಡನೇ ಸುತ್ತು ಮೊದಲನೆಯದಕ್ಕಿಂತ ನಿಧಾನವಾಗಬಾರದು. ವಾರಾಂತ್ಯದ ದೀರ್ಘ ಸವಾರಿ ಮೂರು ಗಂಟೆಯಿಂದ ಬೆಳೆದು ಜೂನ್–ಜುಲೈ ಹೊತ್ತಿಗೆ ಏಳೆಂಟು ಗಂಟೆ ಮುಟ್ಟಲಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಕೊನೆಯ ಎರಡು ವಾರ ಮತ್ತೆ ಹಗುರ.

ತೊಂದರೆಯೆಂದರೆ, ಅತಿ ಉದ್ದದ ಸವಾರಿಗಳ ತಿಂಗಳುಗಳಲ್ಲೇ ನಮ್ಮಲ್ಲಿ ಮುಂಗಾರು. ಮಲೆನಾಡಿನ ಕೆಸರಿನಲ್ಲಿ ಜಾರಿ ಕೈ ಮುರಿದುಕೊಂಡರೆ ವರ್ಷವೇ ಹೋದಂತೆ. ಜೋರು ಮಳೆಯ ದಿನ ಮನೆಯೊಳಗೆ ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಟ್ರೈನರ್ ಮೇಲೆ ಏರಿನ ಸುತ್ತುಗಳನ್ನು ಮುಗಿಸಿ, ಬಿಡುವು ಸಿಕ್ಕ ದಿನ ಹೊರಗೆ ಹೋಗಿ.

ಹೆಜ್ಜೆ 3: ನಂದಿಯನ್ನು ಎರಡೆರಡು ಸಲ ಹತ್ತಿ, ಸೈಕಲ್ ತಳ್ಳುವುದನ್ನೂ ಕಲಿಯಿರಿ

ಲೆಡ್‌ವಿಲ್ ದಾರಿ ಹೋದ ಹಾದಿಯಲ್ಲೇ ಮರಳುತ್ತದೆ. ಹಿಂತಿರುಗುವ ತಿರುವು ಇರುವುದು ಕೊಲಂಬೈನ್ ಏರಿನ ತುದಿಯಲ್ಲಿ. ಬುಡದಿಂದ ಅಲ್ಲಿಗೆ ಸುಮಾರು ಸಾವಿರ ಮೀಟರ್ ಹತ್ತಬೇಕು. ಒಂದರ ಮೇಲೊಂದು ಇಟ್ಟ ಎರಡು ನಂದಿ ಎನ್ನಿ. ಆದ್ದರಿಂದ ನಂದಿಗೆ ಹೋದಾಗ ಒಮ್ಮೆ ಹತ್ತಿ, ಮೇಲೆ ಫೋಟೊ ತೆಗೆದು, ಇಡ್ಲಿ ತಿಂದು ಮನೆಗೆ ಬರುವ ಅಭ್ಯಾಸ ಬಿಡಬೇಕು. ಇಳಿದು ಕೂಡಲೇ ಮತ್ತೆ ಹತ್ತಿ. ಜುಲೈ ವೇಳೆಗೆ ಒಂದೇ ಬೆಳಿಗ್ಗೆ ನಾಲ್ಕು ಸಲ, ಒಂದೇ ಗತಿಯಲ್ಲಿ.

ಕೊಲಂಬೈನ್‌ನ ಮೇಲ್ಭಾಗದಲ್ಲಿ, ಮರಳಿ ಬರುವಾಗ ಸಿಗುವ ಪವರ್‌ಲೈನ್ ಏರಿನಲ್ಲಿ, ಬಹಳಷ್ಟು ಜನ ಇಳಿದು ತಳ್ಳುತ್ತಾರೆ. ಪವರ್‌ಲೈನ್‌ನ ಕೆಲವು ಭಾಗ ಶೇ 20ಕ್ಕಿಂತ ಕಡಿದು. ತಳ್ಳುವುದಕ್ಕೆ ಬಳಸುವ ಸ್ನಾಯುಗಳೇ ಬೇರೆ, ಮೀನಖಂಡ ಮತ್ತು ಸೊಂಟಕ್ಕೆ ಕೆಲಸ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಕಡಿದಾದ ಮಣ್ಣುದಾರಿ ಹುಡುಕಿ, ಸೈಕಲ್ ಶೂ ಹಾಕಿಕೊಂಡೇ ಇಪ್ಪತ್ತು ನಿಮಿಷ ತಳ್ಳಿ ನಡೆಯಿರಿ.

ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಹತ್ತಿದರೆ ಎತ್ತರದ ಅಭ್ಯಾಸವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ರಾಜ್ಯದ ಅತಿ ಎತ್ತರದ ಶಿಖರವಾದರೂ 1,930 ಮೀಟರ್ ಅಷ್ಟೇ. ಕಾಲಿಗೆ ಒಳ್ಳೆಯ ವ್ಯಾಯಾಮ, ಆದರೆ ಆಮ್ಲಜನಕ ಹೊರುವ ಕೆಂಪು ರಕ್ತಕಣ ಹೆಚ್ಚಿಸುವಷ್ಟು ಎತ್ತರ ಅದಲ್ಲ. ಉಸಿರಾಟಕ್ಕೆ ಅಡ್ಡಿಮಾಡುವ 'ಟ್ರೈನಿಂಗ್ ಮಾಸ್ಕ್'ಗೆ ದುಡ್ಡು ಹಾಕಬೇಡಿ. ಅದು ಗಾಳಿಯ ಹರಿವನ್ನು ತಡೆಯುತ್ತದೆಯೇ ಹೊರತು ಎತ್ತರದ ಪರಿಸ್ಥಿತಿ ತರುವುದಿಲ್ಲ.

ಹೆಜ್ಜೆ 4: ತಿನ್ನುವುದನ್ನು ಅಭ್ಯಾಸ ಮಾಡಿ

ಎತ್ತರದಲ್ಲಿ ಹಸಿವು ಸಾಯುತ್ತದೆ. ದೇಹಕ್ಕೆ ಮಾತ್ರ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಇದನ್ನು ಹೊಟ್ಟೆ ತಾನಾಗಿ ಅರಗಿಸಿಕೊಳ್ಳುವುದಿಲ್ಲ, ಕಾಲಿನಂತೆ ಅದನ್ನೂ ಪಳಗಿಸಬೇಕು. ಮೊದಮೊದಲು ನಾನು ಐದು ಗಂಟೆಯ ಸವಾರಿಗೆ ಎರಡು ಬಾಳೆಹಣ್ಣು ಒಯ್ಯುತ್ತಿದ್ದೆ. ನಾಲ್ಕನೇ ಗಂಟೆಯಲ್ಲಿ ಕಣ್ಣು ಕತ್ತಲಿಟ್ಟು ದೇವನಹಳ್ಳಿ ಹತ್ತಿರ ರಸ್ತೆ ಬದಿ ಕೂತದ್ದು ಇನ್ನೂ ನೆನಪಿದೆ.

ಈಗಿನ ಲೆಕ್ಕ ಹೀಗೆ: ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ನೀರಿನ ಬಾಟಲಿಗೆ ನಿಂಬೆರಸ, ಉಪ್ಪು ಮತ್ತು 40 ಗ್ರಾಂ ಸಕ್ಕರೆ. ಅಲ್ಲಿಗೆ ಒಂದು ಗಂಟೆಗೆ 65 ಗ್ರಾಂ ಆಯಿತು. ಬದಲಾವಣೆಗೆ ಕಡಲೆಕಾಯಿ ಚಿಕ್ಕಿ, ರವೆ ಉಂಡೆ, ಜೆಲ್. ಏರಿನಲ್ಲಿ ಚಿಕ್ಕಿ ಅಗಿಯಲು ಉಸಿರು ಸಾಲುವುದಿಲ್ಲ, ಗಟ್ಟಿ ತಿಂಡಿಯನ್ನು ಏರು ಶುರುವಾಗುವ ಮೊದಲೇ ಮುಗಿಸಿ. ಫೋನಿನಲ್ಲೋ ಗಡಿಯಾರದಲ್ಲೋ ಇಪ್ಪತ್ತು ನಿಮಿಷಕ್ಕೊಂದು ಅಲಾರಂ ಇಡಿ, ಬೇಕೋ ಬೇಡವೋ ತಿನ್ನಿ.

ಹೆಜ್ಜೆ 5: ಯಾವಾಗ ಹೋಗಬೇಕು, ಮೊದಲೇ ನಿರ್ಧರಿಸಿ

ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ದುಡ್ಡು ಖರ್ಚು ಮಾಡಬೇಕಾದ ಜಾಗ ಇದು. ಎತ್ತರಕ್ಕೆ ಹೋದ ಮೊದಲ ಕೆಲವು ದಿನ ಉಸಿರಾಟ ಹೆಚ್ಚುತ್ತದೆ, ಪದೇಪದೇ ಮೂತ್ರ ಬರುತ್ತದೆ, ರಕ್ತದ ದ್ರವಾಂಶ ತಗ್ಗುತ್ತದೆ, ನಿದ್ದೆ ಕೆಡುತ್ತದೆ. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ಹಾಗಾಗಿ ಎರಡರಿಂದ ಮೂರು ವಾರ ಮೊದಲೇ ಹೋಗಿ ಅಲ್ಲಿ ಉಳಿಯುವುದು ಎಲ್ಲಕ್ಕಿಂತ ಒಳ್ಳೆಯದು. ಡೆನ್ವರ್‌ನಲ್ಲಿ ನೆಂಟರ ಮನೆ ಇದ್ದರೆ ಅನುಕೂಲವೇ, ಆದರೆ ಆ ನಗರ ಇರುವುದು 1,600 ಮೀಟರ್‌ನಲ್ಲಿ. ಕೊನೆಯ ಹತ್ತು ದಿನವಾದರೂ ಮೇಲೆ ಮಲಗಿ. 2003ರಿಂದ 2008ರವರೆಗೆ ಸತತ ಆರು ಸಲ ಇಲ್ಲಿ ಗೆದ್ದ ಡೇವ್ ವೀನ್ಸ್ ಅವರ ಊರು ಗನ್ನಿಸನ್ ಇರುವುದೇ 2,300 ಮೀಟರ್ ಮೇಲೆ.

ಎತ್ತರ ನಿಮ್ಮ ಮೈಗೆ ಒಗ್ಗುತ್ತದೆಯೇ ಎಂದು ತಿಳಿಯಲು ಹಿಂದಿನ ವರ್ಷವೇ ಲೇಹ್‌ಗೆ ಹೋಗಿ ಬನ್ನಿ. 3,500 ಮೀಟರ್‌ನಲ್ಲಿರುವ ಲೇಹ್ ಲೆಡ್‌ವಿಲ್‌ಗಿಂತ ಎತ್ತರ. ಮೊದಲ ಎರಡು ದಿನ ಸೈಕಲ್ ಮುಟ್ಟಬೇಡಿ. ತಲೆನೋವಿನ ಜೊತೆ ವಾಂತಿ, ಕೂತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ ಕಂಡರೆ ಕಾಯದೆ ಕೆಳಗಿಳಿಯಬೇಕು, ವೈದ್ಯರನ್ನು ಕಾಣಬೇಕು. ಲಡಾಖ್‌ಗೆ ಹೋಗುವವರ ಜೇಬಿನಲ್ಲಿ ಸಾಮಾನ್ಯವಾಗಿ ಇರುವ, ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆಯಲ್ಲಿರುವ ಅಸೆಟಜೋಲಮೈಡ್ ಕ್ರೀಡೆಯ ನಿಷೇಧಿತ ಔಷಧಗಳ ಪಟ್ಟಿಯಲ್ಲಿದೆ ಎಂಬುದೂ ಗೊತ್ತಿರಲಿ.

ಮೂರು ತಿಂಗಳ ಮೊದಲು ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣಾಂಶ ಇಲ್ಲದಿದ್ದರೆ ಎತ್ತರದಲ್ಲಿ ಎಷ್ಟು ದಿನ ಕೂತರೂ ಹೊಸ ರಕ್ತಕಣ ಹುಟ್ಟುವುದಿಲ್ಲ. ಸಸ್ಯಾಹಾರಿಗಳು, ಅದರಲ್ಲೂ ಮಹಿಳೆಯರು, ಇದನ್ನು ಬಿಡಲೇಬಾರದು. ಮಾತ್ರೆ ಮಾತ್ರ ವೈದ್ಯರು ಹೇಳಿದಷ್ಟೇ.

ಹೆಜ್ಜೆ 6: ಸೈಕಲ್

ಮುಂದೆ ಪೆಡಲ್ ಬಳಿ 32 ಹಲ್ಲಿನ ಒಂದೇ ಹಲ್ಲುಚಕ್ರ, ಹಿಂದಿನ ಗಾಲಿಯಲ್ಲಿ 51 ಅಥವಾ 52 ಹಲ್ಲಿನವರೆಗಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಟ್ಯೂಬ್‌ಲೆಸ್ ಟೈರ್. ಇಷ್ಟಿದ್ದರೆ ಸಾಕು. ಹೊರಡುವ ಮೊದಲು ಬ್ರೇಕ್ ಪ್ಯಾಡ್ ಬದಲಿಸಿ, ಇಳಿಜಾರುಗಳು ಉದ್ದವಾಗಿವೆ.

ಹೆಜ್ಜೆ 7: ಆ ದಿನ

ಬೆಳಿಗ್ಗೆ ಆರೂವರೆಗೆ ಹೊರಡುವಾಗ ಬೆರಳು ಮರಗಟ್ಟುವ ಚಳಿ. ಮಧ್ಯಾಹ್ನ ಗುಡುಗು ಮಳೆ ಸುರಿಯುವುದು ಅಲ್ಲಿ ಸಾಮಾನ್ಯ, ತೆಳು ಮಳೆಕೋಟು ಜೇಬಿನಲ್ಲಿರಲಿ. ಊರಿಂದ ಇಳಿಜಾರು ಮುಗಿದ ಕೂಡಲೇ ಸೇಂಟ್ ಕೆವಿನ್ಸ್ ಏರು ಬರುತ್ತದೆ. ಹೊಸಬರ ಸ್ಪರ್ಧೆ ಹಾಳಾಗುವುದು ಇಲ್ಲೇ. ನೂರಾರು ಜನ ಮುಂದೆ ಹೋಗಲಿ, ನೀವು ಮಾತಾಡುವ ಗತಿಯಲ್ಲಿರಿ. ಕೊಲಂಬೈನ್ ಏರಿಗೆ ಮೊದಲು ಸಿಗುವ ಟ್ವಿನ್ ಲೇಕ್ಸ್‌ನಲ್ಲಿ ನಿಂತು ಬಾಟಲಿ ತುಂಬಿಕೊಳ್ಳಿ, ಕೊಲಂಬೈನ್‌ಗೆ ಎರಡು ಗಂಟೆಗೂ ಮಿಕ್ಕಿ ಹಿಡಿದರೆ ಗಾಬರಿಯಾಗಬೇಡಿ. ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಇಳಿಯಿರಿ, ಕೆಳಗೆ ಗಾಳಿ ದಪ್ಪವಿದೆ.

ಪವರ್‌ಲೈನ್ ಬುಡದಲ್ಲಿ ತಿಂದು, ಇಳಿದು, ತಳ್ಳಲು ಶುರುಮಾಡಿ. ಅದು ಮುಗಿದ ಮೇಲೂ ಕೆರೆಯ ಪಕ್ಕದ ಟಾರು ರಸ್ತೆಯ ಏರು ಇದೆ, ಊರ ಹತ್ತಿರ 'ಬುಲೆವಾರ್ಡ್' ಎಂಬ ಕಲ್ಲುದಾರಿ ಇದೆ. ಕೊನೆಗೆ ಆರನೇ ಬೀದಿ, ಅದರ ತುದಿಯಲ್ಲಿ ಕೆಂಪು ಹಾಸು. ಅಲ್ಲಿಯವರೆಗೂ ಬಾಟಲಿಯಲ್ಲಿ ಒಂದು ಗುಟುಕು ಉಳಿಸಿಕೊಂಡಿರಿ.