ಇಮೇಜ್ ಯುಆರ್‌ಎಲ್ ಹಿಡಿಯುವ ರೆಜೆಕ್ಸ್ ಬರೆಯುವುದು ಹೇಗೆ?

ರೆಜೆಕ್ಸ್ ಅಂದರೆ ಪಠ್ಯದಲ್ಲಿ ಹುಡುಕಲು ಬರೆಯುವ ಅಕ್ಷರಗಳ ಮಾದರಿ (ಪ್ಯಾಟರ್ನ್). ಉದ್ದನೆಯ ಪಠ್ಯದಿಂದ ಚಿತ್ರಗಳ ಲಿಂಕ್‌ಗಳನ್ನಷ್ಟೇ ಹೆಕ್ಕಬೇಕು ಅಂದಾಗ ಮೊದಲು ಕೈಗೆ ಬರುವ ಪ್ಯಾಟರ್ನ್ ಇದು:

ಎಚ್‌ಟಿಟಿಪಿಎಸ್.*.ಜೆಪಿಜಿ

ಇಲ್ಲಿರುವ ಕನ್ನಡ ಅಕ್ಷರಗಳನ್ನು ಕೋಡ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ಒಂದೇ ಲಿಂಕ್ ಇಟ್ಟು ನೋಡಿದರೆ ಸರಿಯಾಗಿಯೇ ಕೆಲಸ ಮಾಡುತ್ತದೆ. ನಿಜವಾದ ಡೇಟಾ ಬಂದಾಗ ಎಡವುತ್ತದೆ.

ಮೊದಲು ಚುಕ್ಕಿ ಸರಿಮಾಡಿ. ರೆಜೆಕ್ಸ್‌ನಲ್ಲಿ ಬರೀ ಚುಕ್ಕಿ ಅಂದರೆ ಯಾವ ಅಕ್ಷರವಾದರೂ ಸೈ, ಹಾಗಾಗಿ "ಹಕ್ಕಿ-ಜೆಪಿಜಿ" ಕೂಡ ಸಿಕ್ಕಿಬೀಳುತ್ತದೆ. ನಿಜವಾದ ಚುಕ್ಕಿಯೇ ಬೇಕಿದ್ದರೆ \. ಅಂತ ಬರೆಯಿರಿ.

ಮುಖ್ಯ ಸಮಸ್ಯೆ ಇರುವುದು .* ನಲ್ಲಿ. ಅದರರ್ಥ ಯಾವ ಅಕ್ಷರವಾದರೂ, ಎಷ್ಟು ಸಲವಾದರೂ, ಆದಷ್ಟು ಹೆಚ್ಚು. ಒಂದೇ ಸಾಲಿನಲ್ಲಿ ಎರಡು ಲಿಂಕ್ ಇದ್ದರೆ ಮೊದಲನೆಯದರ ಶುರುವಿನಿಂದ ಎರಡನೆಯದರ ಕೊನೆಯವರೆಗೆ ಎಲ್ಲವನ್ನೂ ನುಂಗುತ್ತದೆ. ಹಾಗಾದರೆ ಆದಷ್ಟು ಕಡಿಮೆ ಹಿಡಿಯುವ .*? ಹಾಕಿದರೆ ಆಯ್ತಲ್ವಾ ಅನ್ನಿಸಬಹುದು. ಆಗಲ್ಲ. ಮೊದಲನೆಯದು ಪಿಡಿಎಫ್ ಲಿಂಕ್, ಎರಡನೆಯದು ಚಿತ್ರ ಅಂತಿಟ್ಟುಕೊಳ್ಳಿ: ಹುಡುಕಾಟ ಪಿಡಿಎಫ್ ಲಿಂಕ್‌ನಿಂದಲೇ ಶುರುವಾಗಿ, ಮಧ್ಯದ ಖಾಲಿ ಜಾಗ ದಾಟಿ, ಜೆಪಿಜಿ ಸಿಗುವ ತನಕ ಓಡುತ್ತದೆ. ಅದಕ್ಕೇ ಯಾವ ಅಕ್ಷರ ಬರಬಾರದು ಅನ್ನೋದನ್ನು ಹೇಳಿಬಿಡುವುದು ಒಳ್ಳೆಯದು:

ಎಚ್‌ಟಿಟಿಪಿಎಸ್?://[^\ಎಸ್"<>?#]+\.(ಜೆಪಿಇ?ಜಿ|ಪಿಎನ್‌ಜಿ|ಗಿಫ್|ವೆಬ್‌ಪಿ)

ಚೌಕ ಆವರಣದೊಳಗಿನ ^ "ಇವು ಬೇಡ" ಅನ್ನುತ್ತದೆ. \ಎಸ್ ಅಂದರೆ ಖಾಲಿ ಜಾಗ, ಹೊಸ ಸಾಲು ಎಲ್ಲ. ಅಕ್ಷರದ ನಂತರದ ? ಅಂದರೆ ಆ ಅಕ್ಷರ ಇದ್ದರೂ ಇಲ್ಲದಿದ್ದರೂ ಸೈ, ಹಾಗಾಗಿ ಜೆಪಿಇ?ಜಿ ಇರುವುದರಿಂದ ಎರಡೂ ಬಗೆಯ ಸ್ಪೆಲ್ಲಿಂಗ್ ಸಿಗುತ್ತದೆ. ದೊಡ್ಡಕ್ಷರದ ಎಕ್ಸ್‌ಟೆನ್ಷನ್‌ಗಳೂ ಜಾಸ್ತಿ ಇರುತ್ತವೆ, ದೊಡ್ಡ-ಸಣ್ಣ ಅಕ್ಷರದ ಭೇದ ಮಾಡದ ಐ ಫ್ಲ್ಯಾಗ್ ಮರೆಯಬೇಡಿ. ಪೈಥಾನ್ ಆದರೆ \ ಚಿಹ್ನೆಯನ್ನು ಹಾಗೇ ಉಳಿಸುವ ರಾ ಸ್ಟ್ರಿಂಗ್ ಬಳಸಿ.

ಇನ್ನು ಕೊನೆಯ ಗಡಿ. "ಹಕ್ಕಿ.ಜೆಪಿಜಿ.ಎಚ್‌ಟಿಎಂಎಲ್" ಅನ್ನೋದು ಚಿತ್ರವಲ್ಲ, ಪುಟ. ಸುಮ್ನೆ $ (ಪಠ್ಯದ ಕೊನೆ) ಹಾಕಿದರೆ "ಹಕ್ಕಿ.ಜೆಪಿಜಿ?ಅಗಲ=300" ತಪ್ಪಿಹೋಗುತ್ತದೆ. ಪ್ಯಾಟರ್ನ್‌ನ ಕೊನೆಗೆ ಇದನ್ನು ಸೇರಿಸಿ:

(?=[\ಎಸ್"<>?#]|$)

ಇದು ಮುಂದೆ ಏನಿದೆ ಅಂತ ನೋಡುತ್ತದೆ ಅಷ್ಟೇ, ಅದನ್ನು ತೆಗೆದುಕೊಳ್ಳುವುದಿಲ್ಲ. ಚಿತ್ರ ಡೌನ್‌ಲೋಡ್ ಮಾಡಬೇಕಿದ್ದರೆ ಇದರ ನಂತರ (\?[^\ಎಸ್"<>#]*)? ಸೇರಿಸಿ. ಕೆಲವು ಸರ್ವರ್‌ಗಳು ಆ ಪ್ರಶ್ನೆ ಚಿಹ್ನೆಯ ನಂತರದ ಭಾಗ ಇಲ್ಲದೆ ಚಿತ್ರ ಕೊಡುವುದಿಲ್ಲ.

ಮೂಲ ಎಚ್‌ಟಿಎಂಎಲ್ ಆಗಿದ್ದರೆ ಪೂರ್ತಿ ಕೆಲಸವನ್ನು ರೆಜೆಕ್ಸ್ ಮೇಲೆ ಹೇರಬೇಡಿ. ಎಚ್‌ಟಿಎಂಎಲ್ ಪಾರ್ಸರ್‌ನಿಂದ ಲಿಂಕ್ ತೆಗೆಯಿರಿ, ಯುಆರ್‌ಎಲ್ ಪಾರ್ಸರ್‌ನಿಂದ ಪಾತ್ (ಡೊಮೇನ್ ಹೆಸರಿನ ನಂತರ, ? ಅಥವಾ # ವರೆಗಿನ ಭಾಗ) ಬೇರೆ ಮಾಡಿ, ಆ ಪಾತ್ ಮೇಲಷ್ಟೇ ಪ್ಯಾಟರ್ನ್ ಓಡಿಸಿ. ಆಗ ಇಷ್ಟು ಸಾಕು:

\.(ಜೆಪಿಇ?ಜಿ|ಪಿಎನ್‌ಜಿ|ಗಿಫ್|ವೆಬ್‌ಪಿ)$

ಎಕ್ಸ್‌ಟೆನ್ಷನ್ನೇ ಇಲ್ಲದ ಇಮೇಜ್ ಲಿಂಕ್‌ಗಳೂ ಇರುತ್ತವೆ. ಅವನ್ನು ಯಾವ ಪ್ಯಾಟರ್ನೂ ಗುರುತಿಸಲಾರದು, ಸರ್ವರ್ ಕಳಿಸುವ ಫೈಲ್ ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ಹೆಡರ್ ನೋಡಲೇಬೇಕು.